ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆದದ್ದು

ಯಾಸ್ನಾಗೆ ಹದಿನಾಲ್ಕು ತುಂಬಿ ಒಂಬತ್ತನೆಯ ದಿನ
ರಾತ್ರಿಪಾಳಿ ಮುಗಿಸಿ ಬಂದು ಬೂಟು ಕಳಚುತ್ತಿದ್ದೇನೆ,
ಮೇಜಿನ ಮೇಲೆ ಅರ್ಜಿ.
ಕರೆಂಟ್ ಬಿಲ್ಲಿನ ಬೆನ್ನಿಗೆ, ದುಂಡು ಅಕ್ಷರದಲ್ಲಿ,
‘ಮಾನ್ಯ ಅಪ್ಪ ಅಮ್ಮನವರ ಸನ್ನಿಧಿಗೆ.’
ಹಾರದಂತೆ ಮೇಲೊಂದು ಆಲೂಗಡ್ಡೆ, ನೇರಳೆ ಜಾತಿಯದು.

ಕೆಯೊನ್ ಊರಲ್ಲಿ ಎಲ್ಲದರ ಮೇಲೂ ಏನಾದರೊಂದು ಹೇರಬೇಕು.
ಚಿಲಿಯ ದಕ್ಷಿಣಕ್ಕೆ ಚಿಲೊಯೆ ದ್ವೀಪ, ಅದರ ತುದಿ ಇದು.
ಗಾಳಿಗೆ ನಾಚಿಕೆಯಿಲ್ಲ,
ಒಣಹಾಕಿದ ಲಂಗವನ್ನು ಎರ್ಮಿಂದಾಳ ಬೇಲಿಗೆ ಉಡಿಸಿ ಹೋಗುತ್ತದೆ.

ಒಂದನೆಯ ಕಾರಣ: ಒಯಾರ್ಸೊ ಮೇಷ್ಟ್ರು ಹೋಂವರ್ಕ್ ಕೊಡುವುದು ಗ್ರೂಪಿನಲ್ಲಿ.
ತರಗತಿಗೆ ಇಪ್ಪತ್ತಾರು ಮಂದಿ, ಇಪ್ಪತ್ತೈದು ಫೋನು,
‘ಆ ಉಳಿದ ಒಬ್ಬಳನ್ನು ತಾವು ಬಲ್ಲಿರಿ.’
ಎರಡನೆಯದು: ಬಸ್ಸು ಕೆಟ್ಟರೆ?
ಬಸ್ಸು ಕೆಟ್ಟದ್ದು ಈ ವರ್ಷ ಒಂದೇ ಸಲ,
ಆದರೂ ಅಡಿಗೆ ಎರಡು ಗೆರೆ.
ಮೂರನೆಯದನ್ನು ಹೊಡೆದುಹಾಕಿದ್ದಾಳೆ,
ಕಾಗದ ಹರಿಯುವಷ್ಟು ಒತ್ತಿ.
ನಾಲ್ಕು: ಪಾತ್ರೆ ತೊಳೆಯುತ್ತೇನೆ, ಸೌದೆ ತರುತ್ತೇನೆ,
ತಮ್ಮನಿಗೆ ಹೊಡೆಯುವುದಿಲ್ಲ, ಆದಷ್ಟು.

ನೊಲ್ಬೆರ್ತೊ ನಿಂತೇ ಓದಿದ. ಮೈಗೆಲ್ಲ ಚಿಪ್ಪುಹಗ್ಗದ ವಾಸನೆ.
‘ನಮ್ಮಜ್ಜನ ಕಾಲದಲ್ಲಿ
ಇಡೀ ಮನೆಯನ್ನೇ ಎಳೆದು ತಂದರು ಆ ದಿಬ್ಬದಿಂದ ಈ ದಿಬ್ಬಕ್ಕೆ,
ಬಾಗಿಲು ಕಿಟಕಿ ಸಮೇತ, ಹನ್ನೆರಡು ಜೋಡಿ ಎತ್ತು ಕಟ್ಟಿ.
ಫೋನಿತ್ತೇನು ಯಾರ ಹತ್ತಿರವಾದರೂ?’

ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ಅವಳು:
‘ಮನೆ ಬಂದದ್ದು ಎತ್ತಿನಿಂದಲ್ಲ ಅಪ್ಪಾ.
ಮುತ್ತಜ್ಜ ದಿಬ್ಬ ಹತ್ತಿ ಕೂಗಿದ್ದಕ್ಕೆ.
ಊರು ಓಗೊಟ್ಟದ್ದಕ್ಕೆ.’

ಅವನು ಬಾಯಿ ತೆರೆದ, ಮುಚ್ಚಿದ,
ತಾನೇ ಬೆಳೆಸುವ ಚಿಪ್ಪಿನಂತೆ.
ಆದರೂ ಇಲ್ಲ ಎಂದ. ಸೋತವನ ‘ಇಲ್ಲ’ ಬಲು ಗಟ್ಟಿ.

ನನ್ನ ‘ಇಲ್ಲ’ ಬೇರೆಯದು.
ನನ್ನ ಪಕ್ಕ ನಿಂತು ಮೀನು ಕೊಯ್ಯುವ ಕರೋಲಾ,
ಅವಳ ಮಗಳ ಪಟವೊಂದು ಒಂದೇ ಸಂಜೆಗೆ ಊರು ಸುತ್ತಿತು;
ಚಳಿಗಾಲ ಕಳೆಯುವ ತನಕ ಆ ಹುಡುಗಿ ಹೊಸ್ತಿಲು ದಾಟಲಿಲ್ಲ.
ಇದನ್ನು ಯಾಸ್ನಾಗೆ ಹೇಳಲು ಮಾತು ಹುಡುಕಿದೆ.
ಸಿಗದೆ, ‘ದುಡ್ಡಿಲ್ಲ’ ಅಂದೆ.
ಅದು ಸುಲಭ. ನಿಜವೂ ಹೌದು.

ಹಗಲು ನಿದ್ದೆ ಹತ್ತಲಿಲ್ಲ.
ಎದ್ದು ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಹೊಡೆದುಹಾಕಿದ್ದು ಹಿಂದಿನಿಂದ ಓದಲು ಬರುತ್ತದೆ, ಉಲ್ಟಾ,
ಒಂದೊಂದೇ ಅಕ್ಷರ:
ರಾತ್ರಿ ಅಮ್ಮ ಇರುವುದಿಲ್ಲ. ಅಪ್ಪ ನಾಲ್ಕಕ್ಕೆ ಹೋಗುತ್ತಾರೆ.
ಆಮೇಲೆ ಮನೆ ಸದ್ದು ಮಾಡುತ್ತದೆ.

ಕಂಬದ ಮೇಲೆ ನಿಂತ ಮರದ ಮನೆ, ಅಡಿಯಲ್ಲಿ ಉಬ್ಬರ.
ಮಾಡುತ್ತದೆ, ಮಾಡುತ್ತಿರಬೇಕು.
ಕತ್ತಲಲ್ಲಿ ಇದರೊಳಗೆ ಮಲಗಿ ಎಷ್ಟು ಕಾಲವಾಯಿತು ನಾನು.

ಸೆಕೆಂಡ್‌ಹ್ಯಾಂಡ್, ಮೂಲೆಯಲ್ಲಿ ಬಿರುಕು,
ಎರಡು ವಾರದ ಓವರ್‌ಟೈಮು.
ನೊಲ್ಬೆರ್ತೊ ಈಗಲೂ ಹೂಂ ಅಂದಿಲ್ಲ,
ಒಲೆಯ ಪಕ್ಕ ಅದಕ್ಕೊಂದು ಪುಟ್ಟ ಹಲಗೆ ಹೊಡೆದಿದ್ದಾನೆ ಅಷ್ಟೆ,
ವೈರು ನೇತುಹಾಕಲು ಮೊಳೆ ಸಮೇತ.
ಕರೋಲಾಳ ಮಗಳ ಕತೆ ಹೇಳಿದೆ, ತಡವರಿಸಿ.
‘ಗೊತ್ತಮ್ಮ’ ಎಂದಳು. ‘ಅವಳ ನೋಟ್ಸು ಬರೆದುಕೊಟ್ಟವಳು ನಾನೇ.’

ತೋರಿಸು ನೋಡೋಣ ಅಂದೆ.
ಗಾಜಿನ ಮೇಲೆ ಬೆರಳಿಟ್ಟೆ. ಅದು ಮಿಸುಕಲಿಲ್ಲ.
ಇನ್ನೊಂದು ಬೆರಳು. ಊಹೂಂ.
ಹನ್ನೊಂದು ವರ್ಷ ಸಾಲ್ಮನ್ನಿನ ಮುಳ್ಳು ಕಿತ್ತ ಕೈ,
ಉಪ್ಪು, ಐಸು ತಿಂದು ಗೆರೆಯೆಲ್ಲ ನುಣ್ಣಗೆ.
‘ಅಮ್ಮಾ, ನೀನು ಇರುವುದೇ ಇದಕ್ಕೆ ಗೊತ್ತಾಗುತ್ತಿಲ್ಲ!’
ಎಂದು ನಕ್ಕಳು.
ಆಮೇಲೆ ನಗು ನಿಲ್ಲಿಸಿ
ನನ್ನ ತೋರುಬೆರಳನ್ನು ಬಾಯ ಹತ್ತಿರ ತಂದು ಊದಿದಳು,
ಸೌದೆಯ ಕೆಂಡಕ್ಕೆ ಊದುವ ಹಾಗೆ.

ನಾಲ್ಕೂ ಹತ್ತಕ್ಕೆ ನಮಗೆ ವಿರಾಮ.
ಮೂರು ಪದರದ ಕೈಗವಸು ಕಳಚಿ
ನನ್ನ ಹಳೆಯ ಗುಂಡಿಫೋನು ಒತ್ತಿದೆ.
ಒಂದೇ ರಿಂಗಿಗೆ ಎತ್ತಿದಳು. ಮಾತಿಲ್ಲ.
ಚಿಕ್ಕವನ ಗೊರಕೆ, ಒಲೆಯ ಮುಚ್ಚಳದ ಟಿಕ್ ಟಿಕ್,
ಹಲಗೆ ಹಲಗೆಗೆ ಏನೋ ಹೇಳುವುದು,
ಕೆಳಗೆ ನೀರು.

‘ಕೇಳಿಸಿತಾ?’ ಎಂದಳು.